ತಲೆಯೆತ್ತಿ ನೋಡಿ

ಜನವರಿ ೯

ಪುಟ್ಟಿ,

ಫೋನಿನಲ್ಲಿ ನೀನು ಆಡುವುದು ಎರಡೇ ಮಾತು: "ಹ್ಞೂ", "ಉಹ್ಞೂ". ಯಾವುದು ಯಾವುದಕ್ಕೆ ಉತ್ತರ ಎಂದು ನಾನು ಯೋಚಿಸುವಷ್ಟರಲ್ಲಿ "ಕೆಲಸ ಇದೆ, ಇಡ್ತೀನಿ" ಅಂದುಬಿಡುತ್ತೀಯ. ಅದಕ್ಕೇ ಈ ಕಾಗದ. ಇದನ್ನು ಮಧ್ಯದಲ್ಲಿ ಇಡಲಾಗುವುದಿಲ್ಲ, ಬೇಜಾರಾದರೂ ಕೊನೆಯವರೆಗೆ ಓದಲೇಬೇಕು.

ಗಾಜಿನ ಕಾರ್ಖಾನೆಯವರ ಜೊತೆ ನೀನು ನಿಂತ ಫೋಟೋ ತಲುಪಿತು. ಎಷ್ಟು ಹುಡುಕಿದರೂ ನೀನು ಸಿಗಲಿಲ್ಲ. ಕೊನೆಯ ಸಾಲಿನಲ್ಲಿ ತಲೆಗೆ ಕರಿ ಬಟ್ಟೆ ಬಿಗಿದುಕೊಂಡ ಹುಡುಗನೊಬ್ಬನ ಮೂಗು ಥೇಟ್ ಹೋದ ನಿಮ್ಮಪ್ಪನ ಮೂಗಿನ ಹಾಗಿದೆಯಲ್ಲ ಎಂದು ಕನ್ನಡಕ ಏರಿಸಿ ನೋಡಿದೆ. ನೀನೇ. ಬಟ್ಟೆಯ ಅಂಚಿನಲ್ಲಿ ಬೆರಳಿಗೂ ಸಿಗದಷ್ಟು ಕೂದಲು ಇಣುಕುತ್ತಿತ್ತು. ಎಡಗಿವಿಯ ಹಿಂದೆ ಇಲಿ ಕಡಿದ ಹಾಗಿದೆ. ಯಾರು ಕತ್ತರಿಸಿದರು? ಅವರಿಗೆ ಕತ್ತರಿ ಕೊಟ್ಟವರು ಯಾರು?

ಬೇರೆಯವರ ತಲೆಯ ಮೇಲೆ ಕೈಯಿಟ್ಟೇ ನಿನ್ನನ್ನು ಸಾಕಿದವಳು ನಾನು. ಪಾರ್ಲರಿಗೆ ಬೋರ್ಡು ಬರೆಸುವ ಮುಂಚೆ ನಿನ್ನ ಜಡೆಯೇ ನನ್ನ ಬೋರ್ಡು. ಬಾಗಿಲಲ್ಲಿ ನಿನ್ನನ್ನು ಕೂರಿಸಿಕೊಂಡು ಬಾಚುತ್ತಿದ್ದರೆ ದಾರಿಹೋಕರು ನಿಂತು, ಏನು ಹಚ್ಚುತ್ತೀರಿ ಎಂದು ಕೇಳುತ್ತಲೇ ಒಳಗೆ ಬಂದು ಕುರ್ಚಿಯಲ್ಲಿ ಕೂತುಬಿಡುತ್ತಿದ್ದರು.

ಗಾಜಿನ ಕೆಲಸ ಬೇಡ ಎಂದೆ, ಹೌದು. ಆ ಸಿಟ್ಟನ್ನು ನನ್ನ ಮೇಲೆ ತೀರಿಸಿಕೊಳ್ಳಬಹುದಿತ್ತು. ಜಡೆ ನಿನಗೇನು ಮಾಡಿತ್ತು?

ಇಂತಿ,
ಇನ್ನೂ ನಿನ್ನ ಅಮ್ಮ


ಜನವರಿ ೨೧

ಅಮ್ಮಾ,

ಸಿಟ್ಟಿಗಲ್ಲ. ನಾನೇ ಕತ್ತರಿಸಿಕೊಂಡೆ. ಇಲ್ಲಿ ಕುಲುಮೆ ಒಂದು ಗಳಿಗೆಯೂ ಆರುವುದಿಲ್ಲ. ಬೆಂಕಿಯ ಬಾಯಲ್ಲಿ ಕೆಲಸ ಮಾಡುವವರಿಗೆ ಉದ್ದ ಕೂದಲು ಒಳ್ಳೆಯದಲ್ಲ. ಅಷ್ಟೇ.

ಕೆಲಸ ಏನು ಎಂದು ನೀನು ಯಾವತ್ತೂ ಕೇಳಲಿಲ್ಲ, ನಾನಾಗಿ ಹೇಳುತ್ತೇನೆ. ಉದ್ದನೆಯ ಕಬ್ಬಿಣದ ಕೊಳವೆಯ ತುದಿಗೆ ಕರಗಿದ ಗಾಜನ್ನು ಸುತ್ತಿಕೊಂಡು ಇನ್ನೊಂದು ತುದಿಯಿಂದ ಊದುತ್ತೇವೆ. ಗಾಜು ಜೇನಿನ ಹಾಗೆ ಜೋಲುತ್ತದೆ. ತಿರುಗಿಸುತ್ತಲೇ ಇರಬೇಕು, ಕೈ ನಿಂತರೆ ನೆಲದ ಪಾಲು. ದೊಡ್ಡ ವಸ್ತುವಾದರೆ ಒಬ್ಬರ ಉಸಿರು ಸಾಲದು. ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಅದೇ ಕೊಳವೆಗೆ ಬಾಯಿಟ್ಟು ಮುಂದುವರಿಸಬೇಕು. ನನ್ನ ಜೊತೆಗಾರನನ್ನು ಎಲ್ಲರೂ ತಿದಿಯಣ್ಣ ಎಂದೇ ಕರೆಯುವುದು. ಅವನ ಎದೆ ಕಮ್ಮಾರನ ತಿದಿಯ ಹಾಗಿದೆ. ಈಚೆಗೆ ನಾನು ಅವನ ಜೊತೆ ಊದುತ್ತಿಲ್ಲ, ಸಣ್ಣ ಬಾಟಲಿಗಳನ್ನು ಒಬ್ಬಳೇ ಮಾಡುತ್ತಿದ್ದೇನೆ. ಅದಕ್ಕೆ ಯಾರ ಜೊತೆಯೂ ಬೇಡ.

ಈ ಸಲ ರಜೆಗೆ ಬರಲಾಗುವುದಿಲ್ಲ.

ನಿನ್ನ ಮಗಳು


ಫೆಬ್ರವರಿ ೪

ಪುಟ್ಟಿ,

ಬೆಂಕಿಗೆ ಹೆದರಿದವರು ಜಡೆಯನ್ನು ಮಡಚಿ ಕಟ್ಟಿಕೊಳ್ಳುತ್ತಾರೆ, ಬುಡಕ್ಕೇ ಕತ್ತರಿ ಹಾಕಿಕೊಳ್ಳುವುದಿಲ್ಲ. ನನಗೂ ಸ್ವಲ್ಪ ಬುದ್ಧಿ ಇದೆ.

ಹೋದ ಸಲ ನೀನು ಬಂದಾಗ ತಲೆ ಮುಟ್ಟಲು ಬಿಡಲಿಲ್ಲ. ದೊಡ್ಡವಳಾದಳು, ಇನ್ನು ಅಮ್ಮನ ಕೈ ಬೇಡವಾಯಿತು ಎಂದುಕೊಂಡು ಸುಮ್ಮನಾದೆ. ನೀನು ಹೋದ ಮೇಲೆ ದಿಂಬಿನ ಚೀಲ ಕೊಡವಿದರೆ ಬೆಳ್ಳಿಬಣ್ಣದ ಹೊಟ್ಟು ಉದುರಿತು, ಅದರ ನಡುವೆ ರಕ್ತದ ಒಂದೆರಡು ಚುಕ್ಕೆ. ಅವತ್ತೇ ಕೇಳಬೇಕಿತ್ತು. ನೀನು ಹೇಳದಿದ್ದುದನ್ನು ನಾನು ಕೇಳಲಿಲ್ಲ, ನಾನು ಕೇಳದಿದ್ದುದನ್ನು ನೀನು ಹೇಳಲಿಲ್ಲ. ಇಬ್ಬರೂ ಸೇರಿ ಒಳ್ಳೆಯ ಕೆಲಸ ಮಾಡಿದೆವು.

ಈಗ ಕೇಳುತ್ತಿದ್ದೇನೆ. ತುರಿಕೆಯಾ? ಗಾಯವಾ?

ಜೊತೆಗೊಂದು ಟ್ಯೂಬ್ ಇಟ್ಟಿದ್ದೇನೆ. ಪಾರ್ಲರಿಗೆ ಬರುವ ಒಬ್ಬರು ತಂದುಕೊಟ್ಟರು. ಅವರ ಮನೆಯಲ್ಲಿ ಯಾರಿಗೆ ಏನಾದರೂ ಇದೇ ಮುಲಾಮಂತೆ, ಚೀಟಿಗೀಟಿ ಏನೂ ಬೇಡ, ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರಂತೆ. ಹಚ್ಚಿ ನೋಡು.

ಅಮ್ಮ


ಫೆಬ್ರವರಿ ೨೬

ಅಮ್ಮಾ!

ಇದು ಮುಲಾಮಲ್ಲ, ಮಂತ್ರ. ಒಂದು ವಾರದೊಳಗೆ ತುರಿಕೆ ಎಲ್ಲಿ ಹೋಯಿತೋ ಗೊತ್ತಿಲ್ಲ.

ಈಗ ಹೇಳಬಹುದು. ವರ್ಷದ ಮೇಲಾಯಿತು. ಮೊದಲು ಹೊಟ್ಟು ಅಂದುಕೊಂಡೆ. ಆಮೇಲೆ ದಪ್ಪ ದಪ್ಪ ಪದರ ಕಟ್ಟಿತು. ಬಾಚಿದರೆ ಬಾಚಣಿಗೆಯಲ್ಲಿ ರಕ್ತ ಬರುತ್ತಿತ್ತು. ಅದಕ್ಕೇ ಜಡೆಗೆ ಕತ್ತರಿ ಹಾಕಿದೆ. ನಿನಗೆ ಹೇಳಿದರೆ ನಿನ್ನ ಗಿರಾಕಿಗಳ ಕಿವಿಗೆ ಬೀಳುತ್ತದೆ. "ಪಾರ್ಲರಿನವಳ ಮಗಳ ತಲೆಯೇ ಹೀಗಂತೆ" ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ನಿನ್ನ ಬಾಚಣಿಗೆ, ನಿನ್ನ ಟವೆಲು, ಎಲ್ಲದರ ಮೇಲೂ ಅನುಮಾನ ಬರುತ್ತದೆ.

ಇಲ್ಲಿ ಆದದ್ದೂ ಅದೇ. ಹೆಗಲ ಮೇಲೆ ಉದುರಿದ್ದನ್ನು ತಿದಿಯಣ್ಣ ನೋಡಿದ. ಮಾರನೆಯ ದಿನ ನಾನು ಊದಿ ಕೊಟ್ಟ ಕೊಳವೆಯ ಮೂತಿಯನ್ನು ಅಂಗಿಯಿಂದ ಒರೆಸಿದ. ಅದರ ಮಾರನೆಯ ದಿನ ಎರಡು ಸಲ ಒರೆಸಿದ. ಆಮೇಲೆ ಕೊಳವೆಯನ್ನೇ ಮುಟ್ಟಲಿಲ್ಲ. ಮೇಸ್ತ್ರಿ ನನ್ನನ್ನು ಸಣ್ಣ ಬಾಟಲಿಗಳ ಮೂಲೆಗೆ ಕಳಿಸಿದರು.

ಈಗ ಬೆಳಗ್ಗೆ ಸಂಜೆ ಧಾರಾಳವಾಗಿ ಬಳಿದು, ಮೇಲೆ ಬಟ್ಟೆ ಬಿಗಿದುಕೊಂಡು ಕೆಲಸಕ್ಕೆ ಹೋಗುತ್ತಿದ್ದೇನೆ. ಹಣೆಯಲ್ಲಿ, ಹುಬ್ಬಿನಲ್ಲಿ ಕೆಂಪಗಿದ್ದ ಜಾಗಕ್ಕೂ ಹಚ್ಚಿದೆ, ಅಲ್ಲೂ ಮಾಯ. ಟ್ಯೂಬ್ ಮುಗಿಯುತ್ತ ಬಂತು. ಇನ್ನೂ ಕಳಿಸು.

ನಿನ್ನ ಪುಟ್ಟಿ


ಮಾರ್ಚ್ ೮

ಪುಟ್ಟಿ,

ಕಳಿಸಿದ್ದೇನೆ. ನಿನ್ನ ಕಾಗದ ಓದಿ ಪಾರ್ಲರಿನಲ್ಲಿ ಒಬ್ಬಳೇ ನಕ್ಕೆ. ಕುರ್ಚಿಯಲ್ಲಿದ್ದವರು ತಮ್ಮ ಕೂದಲು ಏನಾಯಿತೋ ಎಂದು ಗಾಬರಿಯಾದರು. ತಲೆ ತುರಿಸುತ್ತದೆ ಎಂದು ಗೋಳಾಡುತ್ತಿದ್ದ ಇಬ್ಬರಿಗೆ ನಾನೂ ಒಂದೊಂದು ಟ್ಯೂಬ್ ಕೊಟ್ಟೆ. ಡಾಕ್ಟರಿಕೆ ಇಷ್ಟು ಸುಲಭ ಎಂದು ಗೊತ್ತಿದ್ದರೆ ಕತ್ತರಿ ಹಿಡಿಯುತ್ತಲೇ ಇರಲಿಲ್ಲ.

ಅಮ್ಮ


ಏಪ್ರಿಲ್ ೧೬

ಅಮ್ಮಾ,

ಇನ್ನು ಏನನ್ನೂ ಕಳಿಸಬೇಡ.

ಕೊನೆಯ ಟ್ಯೂಬ್ ಮುಗಿಯಿತು. ಹೇಗೂ ಎಲ್ಲ ವಾಸಿಯಾಗಿದೆ ಎಂದು ನಿಲ್ಲಿಸಿದೆ. ಕೆಲವೇ ದಿನಗಳಲ್ಲಿ ಹಳೆಯದೆಲ್ಲ ಬಡ್ಡಿ ಸಮೇತ ಬಂತು. ಮೊದಲು ಅಂಗೈಯಗಲ ಇದ್ದದ್ದು ಈಗ ಇಡೀ ನೆತ್ತಿಗೆ ಹಬ್ಬಿದೆ. ಹಣೆಯ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ತೆಳ್ಳಗಾಗಿ ಒಳಗಿನ ಸಣ್ಣ ನರಗಳು ಕೆಂಪಗೆ ಕಾಣುತ್ತವೆ. ಬಾಯಿಯ ಸುತ್ತ ಗುಳ್ಳೆ ಎದ್ದಿವೆ. ಕನ್ನಡಿಯ ಮೇಲೆ ಟವೆಲು ಹಾಕಿದ್ದೇನೆ.

ಮೇಸ್ತ್ರಿಯೇ ಬಲವಂತ ಮಾಡಿ ಚರ್ಮದ ಡಾಕ್ಟರ ಹತ್ತಿರ ಕಳಿಸಿದರು. ವಯಸ್ಸಾದ ಹೆಂಗಸು. ಸೋರಿಯಾಸಿಸ್ ಅಂದರು. ಹುಟ್ಟಿನಿಂದ ಮೈಯೊಳಗಿರುವ ಗುಣವೊಂದು ಎದ್ದು ಕೂತಿದೆ, ನಾನು ಮಾಡಿದ ತಪ್ಪಿನಿಂದಲ್ಲ, ಕೊಳೆಯಿಂದಲ್ಲ, ಒಬ್ಬರಿಂದ ಒಬ್ಬರಿಗೆ ಬರುವಂಥದ್ದೂ ಅಲ್ಲ ಎಂದರು. ಖಾಲಿ ಟ್ಯೂಬನ್ನು ತೋರಿಸಿದೆ. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಓದಿದರು. ಬಲು ಜೋರಾದ ಸ್ಟೆರಾಯ್ಡಂತೆ. ಅದನ್ನು ಮುಖಕ್ಕೆ ಬಳಿದೆ, ತಿಂಗಳುಗಟ್ಟಲೆ ಬಳಿದೆ, ಮೇಲೆ ಬಟ್ಟೆ ಬಿಗಿದೆ. ಬಟ್ಟೆ ಬಿಗಿದಷ್ಟೂ ಔಷಧಿ ಒಳಗೆ ಇಳಿಯುತ್ತದಂತೆ. ಎಲ್ಲಿ ಕೆಲಸ ಎಂದು ಕೇಳಿದರು. ಕುಲುಮೆಯ ಮುಂದೆ ಎಂದೆ. ಅವರು ಪೆನ್ನು ಕೆಳಗಿಟ್ಟರು.

"ಜಿಡ್ಡು ಹೀರಿದ ಬಟ್ಟೆ ತಲೆಗೆ ಸುತ್ಕೊಂಡು ಬೆಂಕಿ ಮುಂದೆ ನಿಂತಿದ್ದೀಯಲ್ಲಮ್ಮ, ನೀನು ಸುತ್ಕೊಂಡಿದ್ದು ಬಟ್ಟೆಯಲ್ಲ, ಬತ್ತಿ."

ಕೊನೆಗೆ ಅವರು ಬರೆದುಕೊಟ್ಟದ್ದೇನು ಗೊತ್ತೇ? ಅದೂ ಸ್ಟೆರಾಯ್ಡೇ. ತಲೆಗೆ ಹಾಕುವ ಲೋಷನ್. ಹೇಗೆ ಹಾಕಬೇಕೆಂದು ಒಂದೊಂದಾಗಿ ಹೇಳಿ, ನನ್ನ ಬಾಯಿಂದ ತಿರುಗಿ ಹೇಳಿಸಿದರು. ಹ್ಞೂ ಹ್ಞೂ ಎಂದು ಹೇಳಿ ಬಂದೆ. ಬಾಟಲಿ ಕಿಟಕಿಯ ಮೇಲಿದೆ. ಮುಚ್ಚಳ ತೆಗೆಯಲು ಕೈ ಬರುತ್ತಿಲ್ಲ. ಒಮ್ಮೆ ಸುಟ್ಟ ಬಾಯಿ.

ಮೂರು ವಾರದಿಂದ ಕುಲುಮೆಯ ಹತ್ತಿರ ಹೋಗಿಲ್ಲ. ಬಾಟಲಿಗಳನ್ನು ಹುಲ್ಲಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುವ ಕೆಲಸ ಕೊಟ್ಟಿದ್ದಾರೆ. ಅದಕ್ಕೆ ಉಸಿರೇ ಬೇಡ.

ಮಗಳು


ಏಪ್ರಿಲ್ ೨೩

ಪುಟ್ಟಿ,

ಕಾಗದ ಬಂದ ದಿನ ಪಾರ್ಲರ್ ಮುಚ್ಚಿದೆ. ಟ್ಯೂಬ್ ಕೊಟ್ಟಿದ್ದ ಇಬ್ಬರ ಮನೆಗೂ ಹೋದೆ. ಒಬ್ಬರು ಇನ್ನೂ ಹಚ್ಚಿರಲಿಲ್ಲ, ವಾಪಸು ತಂದೆ. ಇನ್ನೊಬ್ಬರು ಮೊಮ್ಮಗುವಿನ ಕೆನ್ನೆಗೆ ಹಚ್ಚಲು ಶುರು ಮಾಡಿದ್ದರು. ಬಾಗಿಲಲ್ಲೇ ನಿಂತು, "ನಂಗೆ ಗೊತ್ತಿಲ್ಲದೆ ಕೊಟ್ಟೆ, ತಪ್ಪಾಯ್ತು, ಈಗಲೇ ಡಾಕ್ಟರಿಗೆ ತೋರಿಸೋಣ ನಡೀರಿ" ಎಂದೆ. ಮುಖ ಊದಿಸಿಕೊಂಡೇ ಬಂದರು. ಮಗುವಿಗೆ ಏನೂ ಆಗಿಲ್ಲ, ಬೇಗ ತಿಳಿದದ್ದು ಒಳ್ಳೆಯದಾಯಿತು ಎಂದರು ಡಾಕ್ಟರು. ಮೊದಲು ನನಗೆ ತಂದುಕೊಟ್ಟವರಿಗೂ ಹೇಳಿದೆ. ಅವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಬಿಡಲಿ, ಮುಲಾಮನ್ನೂ ಬಿಟ್ಟರೆ ಸಾಕು.

ನಿನ್ನ ಮೇಲೆ ನಾನು ಮಾಡಿದ್ದಕ್ಕೆ ಏನು ಬರೆಯಲಿ? ಸಿಟ್ಟು ಮಾಡು, ಎಷ್ಟು ದಿನ ಬೇಕಾದರೂ ಮಾಡು. ಆದರೆ ನನ್ನ ಮೇಲಿನ ಸಿಟ್ಟನ್ನು ಆ ಬಾಟಲಿಯ ಮೇಲೆ ಹಾಕಬೇಡ. ಕೆಲಸ ಕಲಿಯಲು ಬಂದವರು ನನ್ನ ಕತ್ತರಿಯಿಂದ ಗಿರಾಕಿಗಳ ಕಿವಿ ಗೀರಿದ್ದುಂಟು. ಹಾಗೆಂದು ಕತ್ತರಿಯನ್ನು ಎಸೆಯಲಿಲ್ಲ, ಹಿಡಿಯುವುದನ್ನು ಕಲಿಸಿದೆ. ಡಾಕ್ಟರು ನಿನಗೆ ಕಲಿಸಿದ್ದೂ ಅದನ್ನೇ ತಾನೆ?

ಔಷಧಿಯ ವಿಷಯ ನಾನಿನ್ನು ಮಾತಾಡುವುದಿಲ್ಲ, ಅದು ಅವರದು. ಕೂದಲಿನ ವಿಷಯ ಹೇಳಬಹುದೇ? ಬಾಚಣಿಗೆಯ ಬಾಲದಿಂದ ನೆತ್ತಿಯ ಮೇಲೆ ಬೈತಲೆ ತೆಗೆ. ಕೂದಲನ್ನು ಎರಡೂ ಕಡೆ ಒತ್ತಿ ಹಿಡಿ, ಚರ್ಮ ಬಿಳಿ ದಾರಿಯ ಹಾಗೆ ಕಾಣಬೇಕು. ಬಾಟಲಿಯ ಮೂತಿ ಆ ದಾರಿಯ ಮೇಲೆ ಕೂರಬೇಕು. ಆಮೇಲೆ ಒಂದು ಬೆರಳು ಪಕ್ಕಕ್ಕೆ ಇನ್ನೊಂದು ಬೈತಲೆ. ಕೂದಲಿಗೆ ಹಾಕಿದ ಔಷಧಿ ಬೇಲಿಗೆ ಹಾಕಿದ ನೀರು, ಒಳಗಿನ ಗಿಡಕ್ಕೆ ಮುಟ್ಟುವುದಿಲ್ಲ. ಹಿಂದಲೆಗೆ ಎರಡು ಕನ್ನಡಿ ಬೇಕಾಗುತ್ತದೆ. ಟವೆಲು ತೆಗೆ.

ಅಮ್ಮ


ಮೇ ೮

ಅಮ್ಮಾ,

ಟವೆಲು ತೆಗೆದೆ.

ಮುಚ್ಚಳವನ್ನೂ ತೆಗೆದೆ. ಸಂಜೆ ಕೆಲಸ ಮುಗಿಸಿ ಬಂದು, ತಲೆ ತೊಳೆದು ಒಣಗಿಸಿ, ನೀನು ಹೇಳಿದ ಹಾಗೆ ಬೈತಲೆ ತೆಗೆದು ಕೂತೆ. ಮೊದಲ ಹನಿ ಬಿದ್ದಾಗ ಉರಿಯಿತು ನೋಡು, ಅಪ್ಪನನ್ನೂ ಅಜ್ಜನನ್ನೂ ಒಟ್ಟಿಗೆ ನೆನೆಸಿಕೊಂಡೆ. ಬಿರಿದ ಚರ್ಮಕ್ಕೆ ಸ್ಪಿರಿಟ್ ತಾಗಿದರೆ ಸ್ವಲ್ಪ ಹೊತ್ತು ಉರಿಯುತ್ತದೆ, ಉರಿ ನಿಲ್ಲದಿದ್ದರೆ ಮಾತ್ರ ಬಾ ಎಂದು ಡಾಕ್ಟರು ಮೊದಲೇ ಹೇಳಿದ್ದರು. ನಿಂತಿತು.

ನಿನಗೆ ಸಮಾಧಾನವಾಗಲಿ ಎಂದು ಡಾಕ್ಟರು ಹೇಳಿದ್ದನ್ನೆಲ್ಲ ಬರೆಯುತ್ತೇನೆ. ದಿನಕ್ಕೆ ಒಂದೇ ಸಲ, ಪದರ ಕಟ್ಟಿದ ಜಾಗಕ್ಕೆ ಮಾತ್ರ, ತೆಳ್ಳಗೆ. ಹೆಚ್ಚು ಸುರಿದರೆ ಬೇಗ ವಾಸಿಯಾಗುವುದಿಲ್ಲ, ಬೇಗ ಹಾಳಾಗುತ್ತದೆ ಅಷ್ಟೇ. ಒಂದು ದಿನ ಮರೆತರೆ ಮಾರನೆಯ ದಿನ ಎರಡು ಪಾಲು ಹಾಕುವಂತಿಲ್ಲ. ಮುಖಕ್ಕೆ, ಕಣ್ಣಿನ ಹತ್ತಿರಕ್ಕೆ ತರಲೇಕೂಡದು, ಹಚ್ಚಿದ ಕೂಡಲೇ ಕೈ ತೊಳೆಯಬೇಕು. ಹಚ್ಚಿದ ಮೇಲೆ ತಲೆಗೆ ಏನನ್ನೂ ಬಿಗಿಯಬಾರದು. ಇದರಲ್ಲಿ ಸ್ಪಿರಿಟ್ ಇರುವುದರಿಂದ ಪೂರ್ತಿ ಆರುವವರೆಗೆ ಒಲೆಯ ಹತ್ತಿರ ಸುಳಿಯಬಾರದು, ಬೇಗ ಆರಲಿ ಎಂದು ಬಿಸಿಗಾಳಿಯ ಯಂತ್ರವನ್ನೂ ಹಿಡಿಯಬಾರದು. ಬೆಳಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಹಾಕುವ ಮಾತೇ ಇಲ್ಲ. ಅದಕ್ಕೇ ಮೊದಲು ಅಡುಗೆ, ಊಟ, ಆಮೇಲೆ ಔಷಧಿ. ಕೀವು ಗೀವು ಕಂಡರೆ ನಿಲ್ಲಿಸಿ ಅವರ ಹತ್ತಿರ ಓಡಬೇಕು. ಇನ್ನೊಬ್ಬರಿಗೆ ಕೊಡುವಂತಿಲ್ಲ, ಎಷ್ಟೇ ಗೋಗರೆದರೂ.

ಎರಡು ವಾರಕ್ಕೆ ಬಾ ಎಂದಿದ್ದರು, ಹೋಗಿದ್ದೆ. ಪದರ ತೆಳುವಾಗಿದೆ. ಹೋದ ಸಲದ ಹಾಗೆ ತಟ್ಟನೆ ನಿಲ್ಲಿಸುವುದಿಲ್ಲ, ತಾವು ಹೇಳಿದಂತೆ ಒಂದೊಂದು ಮೆಟ್ಟಿಲಾಗಿ ಇಳಿಯಬೇಕು ಎಂದರು. ಈಗ ದಿನ ಬಿಟ್ಟು ದಿನ. ಮುಖಕ್ಕೆ ಸ್ಟೆರಾಯ್ಡ್ ಇಲ್ಲದ ಬೇರೆ ಔಷಧಿ ಕೊಟ್ಟಿದ್ದಾರೆ. ಹಣೆ ಸುಧಾರಿಸಲು ತಿಂಗಳುಗಳು ಬೇಕು, ಆದರೆ ಸುಧಾರಿಸುತ್ತದೆ ಎಂದಿದ್ದಾರೆ.

ನಾನು ತಡೆಯಲಾರದೆ ಕೇಳಿದೆ, ನಿಜವಾಗಿಯೂ ಬೇರೆಯವರಿಗೆ ಬರುವುದಿಲ್ಲವೇ ಎಂದು. ಬರಿಗೈಯಿಂದ ನನ್ನ ತಲೆ ಮುಟ್ಟಿ ನೋಡುತ್ತಿದ್ದವರು, "ಅಂಟೋದಾಗಿದ್ರೆ ಇಷ್ಟು ವರ್ಷದಲ್ಲಿ ನನ್ನ ಮೈಮೇಲೆ ಒಂದಿಂಚು ಜಾಗ ಇರ್ತಿರಲಿಲ್ಲ" ಎಂದು ನಕ್ಕರು. ವರ್ಷದ ಮೇಲಾಗಿತ್ತಮ್ಮ, ನನ್ನ ತಲೆಯನ್ನು ಒಬ್ಬರು ಮುಟ್ಟಿ.

ಇವತ್ತು ಬಟ್ಟೆ ಬಿಗಿಯದೆ ಕೆಲಸಕ್ಕೆ ಹೋಗಿದ್ದೆ. ಎಲ್ಲರೂ ನೋಡಿದರು. ನೋಡಲಿ ಎಂದು ಬಿಟ್ಟೆ.

ಪುಟ್ಟಿ


ಮೇ ೩೦

ಪುಟ್ಟಿ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಒಂದು ಸಂಗತಿ ಹೇಳುತ್ತೇನೆ.

ಮೊನ್ನೆ ಒಬ್ಬರು ಶಾಲೆಯ ಟೀಚರು ಬಂದಿದ್ದರು. ಬಾಗಿಲ ಹೊರಗೇ ನಿಂತು, ತಲೆಯಲ್ಲಿ ಸ್ವಲ್ಪ ತೊಂದರೆಯಿದೆ, ಬೇರೆ ಎರಡು ಕಡೆ ಮುಟ್ಟುವುದಿಲ್ಲ ಎಂದು ಕಳಿಸಿದರು, ನೀವೂ ಆಗದು ಅನ್ನುವುದಾದರೆ ಇಲ್ಲಿಂದಲೇ ಹೋಗುತ್ತೇನೆ ಎಂದರು. ಒಳಗೆ ಮೂವರು ಗಿರಾಕಿಗಳು ಕಿವಿ ನಿಮಿರಿಸಿಕೊಂಡು ಕೂತಿದ್ದರು. ಕರೆದು ಮಧ್ಯದ ಕುರ್ಚಿಯಲ್ಲಿ ಕೂರಿಸಿದೆ. ಬೈತಲೆ ತೆಗೆದು ನೋಡಿದರೆ ನೀನು ಬರೆದಿದ್ದಂತೆಯೇ ದಪ್ಪ ಪದರ. ನನ್ನ ಕೈ ಒಂದು ಗಳಿಗೆ ನಿಂತಿತು. ಅಸಹ್ಯಕ್ಕಲ್ಲ. ಇದೇ ತಲೆ ಹೊತ್ತುಕೊಂಡು ನೀನು ನನ್ನ ಮನೆಯಲ್ಲೇ, ನನ್ನ ಪಕ್ಕದಲ್ಲೇ ಮಲಗಿ ಎದ್ದು ಹೋದೆಯಲ್ಲ ಎಂದು.

ಉಗುರು ತಾಗದ ಹಾಗೆ, ಬೆಚ್ಚಗಿನ ನೀರಿನಲ್ಲಿ ನಿಧಾನವಾಗಿ ತೊಳೆದೆ. ಆಕೆ ಕಣ್ಣು ಮುಚ್ಚಿಕೊಂಡೇ ಇದ್ದರು. ಸೋಪಿನ ನೀರು ಕಣ್ಣಿಗೆ ಹೋಯಿತೇ ಎಂದು ಕೇಳಿದೆ, ಇಲ್ಲ ಎಂದು ತಲೆಯಾಡಿಸಿದರು. ಗಿರಾಕಿಗಳಲ್ಲಿ ಒಬ್ಬರು ಎದ್ದು ಹೋದರು. ಉಳಿದ ಇಬ್ಬರಲ್ಲಿ ಒಬ್ಬರು ನನ್ನನ್ನು ಮೂಲೆಗೆ ಕರೆದು ಪಿಸುಗುಟ್ಟಿದರು. ನಾನು ಪಿಸುಗುಟ್ಟಲಿಲ್ಲ.

"ಅದು ಅಂಟುರೋಗ ಅಲ್ಲ. ನನ್ನ ಮಗಳಿಗೂ ಇದೆ" ಎಂದೆ.

ಹೇಳಿ ಮತ್ತೆ ಕತ್ತರಿ ಹಿಡಿದೆ. ಆಮೇಲೆ ಪಿಸುಗುಟ್ಟಿದವರೇ, ತಮ್ಮ ತಂಗಿಯ ಮೊಣಕೈಯಲ್ಲಿ ಹಾಗೇ ಇದೆ, ಯಾವ ಡಾಕ್ಟರು ಎಂದು ಕೇಳಿದರು. ಟೀಚರಿಗೆ, ಅವತ್ತು ಆ ಮೊಮ್ಮಗುವನ್ನು ನೋಡಿದ್ದ ಡಾಕ್ಟರ ವಿಳಾಸ ಬರೆದುಕೊಟ್ಟೆ. ಟ್ಯೂಬ್ ಕೊಡಲಿಲ್ಲ. ನಾನೂ ಸ್ವಲ್ಪ ಕಲಿತಿದ್ದೇನೆ.

ನೀನು ನನ್ನ ಪಾರ್ಲರಿಗೆ ಕೆಟ್ಟ ಹೆಸರು ಬಂದೀತೆಂದು ಹೆದರಿದ್ದೆ. ಮುಂದಿನ ವಾರ ಆ ಟೀಚರು ತಮ್ಮ ಶಾಲೆಯ ಇಬ್ಬರನ್ನು ಕರೆದುಕೊಂಡು ಬರುತ್ತಾರಂತೆ. ಕುರ್ಚಿ ಸಾಲುವುದಿಲ್ಲ ಎಂಬುದಷ್ಟೇ ನನ್ನ ಈಗಿನ ತೊಂದರೆ.

ನಿನ್ನ ಅಮ್ಮ


ಜುಲೈ ೧೪

ಅಮ್ಮಾ,

ಮಾಡಿದೆವು! ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಹೇಗಿದೆಯೋ ಹಾಗೇ ಓದಿಕೋ.

ನಮ್ಮ ರೈಲು ನಿಲ್ದಾಣದ ಗಡಿಯಾರದ ಸುತ್ತ ನಾಲ್ಕು ದೊಡ್ಡ ಗಾಜಿನ ದೀಪಗಳಿದ್ದವು. ಆಲಿಕಲ್ಲು ಬಿದ್ದು ಒಡೆದುಹೋಗಿದ್ದವು. ಅಷ್ಟು ದೊಡ್ಡ ಗೋಳಕ್ಕೆ ಯಾರ ಹತ್ತಿರವೂ ಅಚ್ಚಿಲ್ಲ, ಬಾಯಲ್ಲೇ ಊದಬೇಕು. ಕೆಲಸ ನಮಗೆ ಬಂತು. ಎರಡು ಕೈಯಲ್ಲಿ ತಬ್ಬಿದರೆ ಬೆರಳು ಬೆರಳಿಗೆ ಮುಟ್ಟದಷ್ಟು ದೊಡ್ಡದು. ಮೇಸ್ತ್ರಿಯೂ ತಿದಿಯಣ್ಣನೂ ಸೇರಿ ಊದಿದರು. ಮೊದಲನೆಯದು ಒಂದು ಕಡೆ ಹೊಟ್ಟೆ ಬಿಟ್ಟಿತು. ಎರಡನೆಯದು ಕೊಳವೆಯಿಂದ ಕಳಚುವಾಗಲೇ ಸಿಡಿಯಿತು. ತಿದಿಯಣ್ಣನ ಉಸಿರಿಗೆ ಬಲವಿದೆ, ತಾಳ್ಮೆಯಿಲ್ಲ. ಶುರುವಿಗೆ ತೆಳುವಾದ, ಒಂದೇ ಸಮನಾದ ಉಸಿರು ಬೇಕು.

ಮೇಸ್ತ್ರಿ ಪೆಟ್ಟಿಗೆ ತುಂಬುವ ಕೋಣೆಗೆ ಬಂದರು. "ಹುಲ್ಲು ಕೆಳಗಿಡು. ಶುರು ನೀನು ಮಾಡ್ಬೇಕು" ಎಂದರು.

ಹುಲ್ಲು ಕೆಳಗಿಟ್ಟೆ. ಶುರು ಮಾಡಬಹುದು. ಆದರೆ ಗೋಳ ಅರ್ಧಕ್ಕೆ ಬಂದ ಮೇಲೆ ಕೊಳವೆ ತಿದಿಯಣ್ಣನ ಬಾಯಿಗೆ ಹೋಗಲೇಬೇಕು. ಗಾಜು ತಣ್ಣಗಾಗುವ ಮುಂಚೆ, ಒರೆಸಲೂ ಹೊತ್ತಿಲ್ಲದೆ.

ಕುಲುಮೆಯ ಮುಂದೆ ಹೋಗಿ ನಿಂತೆ. ತಲೆಯ ಮೇಲೆ ಏನೂ ಇರಲಿಲ್ಲ. ಹಿಂದಲೆಯಲ್ಲಿ ಇನ್ನೂ ಒಂದು ಕೆಂಪು ಮಚ್ಚೆ ಇದೆ, ಯಾರು ಬೇಕಾದರೂ ನೋಡಬಹುದಿತ್ತು. ಕೊಳವೆ ಕೈಗೆತ್ತಿಕೊಳ್ಳುವ ಮುಂಚೆ ತಿದಿಯಣ್ಣನ ಕಡೆ ತಿರುಗಿದೆ. ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದೆ:

"ಅಣ್ಣಾ, ನನಗಿರೋದು ಸೋರಿಯಾಸಿಸ್. ಔಷಧಿ ನಡೀತಿದೆ. ಇದು ಒಬ್ಬರಿಂದ ಒಬ್ಬರಿಗೆ ಬರೋದಲ್ಲ. ನಂಬಿಕೆ ಇಲ್ದಿದ್ರೆ ಈಗಲೇ ಹೇಳು. ಊದೋಕೆ ಶುರು ಮಾಡಿದ್ಮೇಲೆ ನಿನ್ನ ಅನುಮಾನ ತೀರೋವರೆಗೆ ಗಾಜು ಕಾಯಲ್ಲ."

ಅವನು ನೆಲ ನೋಡಿದ. ಹ್ಞೂ ಎನ್ನಲಿಲ್ಲ, ಉಹ್ಞೂ ಎನ್ನಲಿಲ್ಲ. ಮೇಸ್ತ್ರಿ ಕಣ್ಣಲ್ಲೇ ಶುರು ಮಾಡು ಎಂದರು.

ಕುಲುಮೆಯಿಂದ ಗಾಜು ತೆಗೆದೆ. ಊದಿದೆ. ಎದೆಯಿಂದಲ್ಲ, ಹೊಟ್ಟೆಯ ಆಳದಿಂದ, ದಾರ ಎಳೆದ ಹಾಗೆ. ತಿರುಗಿಸುತ್ತ ಊದುತ್ತ, ಊದುತ್ತ ತಿರುಗಿಸುತ್ತ. ನಿಂಬೆಯಷ್ಟಿದ್ದದ್ದು ತೆಂಗಿನಕಾಯಿಯಷ್ಟಾಯಿತು, ಕುಂಬಳಕಾಯಿಯಷ್ಟಾಯಿತು. ಒಂದು ಕಡೆಗೂ ವಾಲಲಿಲ್ಲ. ಉಸಿರು ಮುಗಿಯಿತು. ತುಟಿಯಿಂದ ಕೊಳವೆ ತೆಗೆದೆ.

ತಿದಿಯಣ್ಣ ನನ್ನ ಕೈಯಿಂದ ಅದನ್ನು ಕಿತ್ತುಕೊಂಡ ಹಾಗೆ ತೆಗೆದುಕೊಂಡು ನೇರ ಬಾಯಿಗಿಟ್ಟ. ಒರೆಸಲಿಲ್ಲ, ನೋಡಲೂ ಇಲ್ಲ. ಕಣ್ಣು ಮುಚ್ಚಿ ಊದಿದ. ಗೋಳ ನಮ್ಮಿಬ್ಬರ ನಡುವೆ ಸೂರ್ಯನ ಹಾಗೆ ಹಿಗ್ಗಿತು. ಮತ್ತೆ ನನಗೆ ಕೊಟ್ಟ. ಮತ್ತೆ ತೆಗೆದುಕೊಂಡ. ಎಷ್ಟು ಸಲ ಕೈ ಬದಲಾಯಿತೋ ಯಾರಿಗೂ ನೆನಪಿಲ್ಲ.

ಬಿಸಿ ನಿಧಾನವಾಗಿ ಇಳಿಯಲಿ ಎಂದು ತಣಿಸುವ ಗೂಡಿನಲ್ಲಿಟ್ಟೆವು. ಎರಡು ದಿನ ಬಾಗಿಲು ತೆರೆಯುವಂತಿರಲಿಲ್ಲ. ನನಗೆ ಊಟ ಸೇರಲಿಲ್ಲ. ಇವತ್ತು ಮೇಸ್ತ್ರಿ ತೆರೆದರು. ಒಂದು ಕೂದಲೆಳೆಯ ಬಿರುಕೂ ಇಲ್ಲ. ಬೆರಳಿನಿಂದ ತಟ್ಟಿದರು, ಗಂಟೆಯ ಹಾಗೆ ನಾದ ಬಂತು. ಇಡೀ ಕಾರ್ಖಾನೆ ಕೂಗಿಕೊಂಡಿತು. ತಿದಿಯಣ್ಣ ಬಂದು ನನ್ನ ನೆತ್ತಿಯ ಮೇಲೆ ಅವನ ದಪ್ಪ ಕೈಯಿಟ್ಟು ಗಡಗಡ ಅಲ್ಲಾಡಿಸಿದ. ಕ್ಷಮಿಸು ಎಂದು ಅವನ ಬಾಯಲ್ಲಿ ಬರುವುದಿಲ್ಲ, ಗೊತ್ತು. ಆ ಕೈಯಲ್ಲಿ ಬಂತು.

ಉಳಿದ ಮೂರನ್ನೂ ನಾವಿಬ್ಬರೇ ಊದಬೇಕೆಂದು ಮೇಸ್ತ್ರಿ ಹೇಳಿದ್ದಾರೆ.

ಲೋಷನ್ ಈಗ ವಾರಕ್ಕೆ ಎರಡೇ ಸಲ. ಮುಂದಿನ ಸಲ ನೋಡಿ ಪೂರ್ತಿ ಬಿಡಿಸುತ್ತಾರಂತೆ. ಇನ್ನೆಂದೂ ಬರುವುದಿಲ್ಲವೇ ಎಂದು ಕೇಳಿದ್ದಕ್ಕೆ ಡಾಕ್ಟರು ಸುಳ್ಳು ಹೇಳಲಿಲ್ಲ. "ಬರುತ್ತೆ, ಹೋಗುತ್ತೆ. ಬಂದಾಗ ಹೆದರಬೇಡ, ಹೋದಾಗ ಮೈಮರೀಬೇಡ. ನೀನಾಗೇ ಬಾಟಲಿ ತೆಗೀಬೇಡ, ನನ್ನ ಹತ್ರ ಬಾ" ಎಂದರು. ಹೆದರಿಕೆಯಾಗಲಿಲ್ಲಮ್ಮ. ಮಳೆಗಾಲ ಬರುತ್ತದೆ ಎಂದು ಗೊತ್ತಿದ್ದವರು ಕೊಡೆ ಇಟ್ಟುಕೊಂಡಿರುತ್ತಾರೆ, ಅಷ್ಟೇ.

ಮುಂದಿನ ತಿಂಗಳು ದೀಪ ಹಚ್ಚುತ್ತಾರೆ. ನೀನು ಬರಬೇಕು. ಕುರ್ಚಿ ಸಾಲದು, ಗಿರಾಕಿ ಕಾಯುತ್ತಾರೆ ಎಂದೆಲ್ಲ ಬರೆಯಬೇಡ.

ನಿನ್ನ ಪುಟ್ಟಿ


ಆಗಸ್ಟ್ ೨೫

ಪುಟ್ಟಿ,

ಸುಖವಾಗಿ ಮನೆ ಸೇರಿದೆ. ಎರಡು ದಿನ ಮುಚ್ಚಿದ್ದಕ್ಕೆ ಇವತ್ತು ಬಾಗಿಲ ಮುಂದೆ ಸಾಲು ನಿಂತಿತ್ತು. ಕೆಲಸ ಮಾಡುತ್ತ ಎಲ್ಲರಿಗೂ ದೀಪದ ಕಥೆಯನ್ನು ಮೊದಲಿನಿಂದ ಹೇಳಿದೆ. ಟೀಚರಿಗೆ ಎರಡು ಸಲ ಹೇಳಿದೆ. ಅವರ ತಲೆಯೂ ಈಗ ತಿಳಿಯಾಗಿದೆ.

ದೀಪ ಹತ್ತಿದ ಗಳಿಗೆ ನಾನು ಏನೂ ಮಾತಾಡಲಿಲ್ಲ ಎಂದು ನೀನು ಬೇಜಾರು ಮಾಡಿಕೊಂಡಿರಬಹುದು. ಗಾಜಿನ ಕೆಲಸ ಬೇಡ ಎಂದ ಬಾಯಿಯಿಂದ ತಟ್ಟನೆ ಏನು ಹೊರಡೀತು? ನಾಲ್ಕು ಹುಣ್ಣಿಮೆ ಒಟ್ಟಿಗೆ ಬಂದ ಹಾಗಿತ್ತು. ಅದರೊಳಗೆ ಇರುವುದು ನನ್ನ ಮಗಳ ಉಸಿರು ಎಂದು ನೋಡುತ್ತ ನಿಂತೆ. ಕೆಳಗೆ ನೀನು, ನಿನ್ನ ಮೇಸ್ತ್ರಿ, ಆ ಎತ್ತಿನಂಥ ತಿದಿಯಣ್ಣ. ಮೂವರ ಮುಖದ ಮೇಲೂ ಒಂದೇ ಬೆಳಕು.

ಆದರೆ ಮಾರನೆಯ ಸಂಜೆ ನೀನು ನನ್ನನ್ನು ರೈಲಿಗೆ ಹತ್ತಿಸಲು ಬಂದು, ನೀರಿನ ಬಾಟಲಿ ತರುತ್ತೇನೆಂದು ಹೋದೆಯಲ್ಲ, ಆಗ ನಡೆದದ್ದನ್ನು ನಿನಗೆ ಹೇಳಿಲ್ಲ. ಹೇಳಿದ್ದರೆ ನೀನು ಅಲ್ಲೇ ಬೈಯುತ್ತಿದ್ದೆ.

ದೀಪಗಳು ಆಗಷ್ಟೇ ಹತ್ತಿದ್ದವು. ನಾನು ಬೆಂಚಿನ ಮೇಲೆ ಕೂತು ಜನರನ್ನು ನೋಡುತ್ತಿದ್ದೆ. ಬರುತ್ತಾರೆ, ಓಡುತ್ತಾರೆ, ಕೈಗಡಿಯಾರ ನೋಡುತ್ತಾರೆ, ಫೋನು ನೋಡುತ್ತಾರೆ. ಒಬ್ಬನಾದರೂ ಮೇಲೆ ನೋಡಬಾರದೇ? ಬೆಳಕು ತಾನಾಗಿಯೇ ಬೀಳುತ್ತದೆ ಎಂದುಕೊಂಡಿದ್ದಾರೆ. ನನಗೆ ಬಂತು ನೋಡು ಸಿಟ್ಟು.

ಕೋಟು ಹಾಕಿಕೊಂಡ ಒಬ್ಬ ಮನುಷ್ಯ ಚೀಲ ಹಿಡಿದು ದಡದಡ ಓಡಿ ಬಂದ. ನಾನು ಎದ್ದು ಅವನ ತೋಳು ಹಿಡಿದುಕೊಂಡೆ.

"ಸ್ವಾಮಿ, ಸ್ವಲ್ಪ ತಲೆಯೆತ್ತಿ ನೋಡಿ" ಎಂದೆ.

ಪಾಪ, ಏನೋ ಅನಾಹುತ ಎಂದುಕೊಂಡು ನಿಂತ. ಮೇಲೆ ನೋಡಿದ. ಸ್ವಲ್ಪ ಹೊತ್ತು ನೋಡಿದ. ಅವನ ಮುಖ ಸಡಿಲವಾಯಿತು.

"ಚೆನ್ನಾಗಿದೆ" ಎಂದ. "ಹೊಸದಾ?"

"ನನ್ನ ಮಗಳು ಊದಿದ್ದು. ಬಾಯಲ್ಲಿ" ಎಂದೆ.

ಅವನು ಇನ್ನೊಂದು ಸಲ ನೋಡಿದ. ಅಷ್ಟರಲ್ಲಿ ಅವನ ಹಿಂದೆ ಅವನ ರೈಲು ಹೊರಟುಹೋಯಿತು.

ನನಗೆ ಒಂದು ಚೂರೂ ಬೇಸರವಿಲ್ಲ.

ಅಮ್ಮ